ಹೊನ್ನೆಮರಡಿಗೆ ಯಾರ್ಯಾರು ಬರ್ತಾರೆ?

ಒಂದು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಜಪ. ಹೊನ್ನೆಮರಡು, ಹೊನ್ನೆಮರಡು! ಯಜಮಾನರ ಮೊಬೈಲು 'ಟಣ್' ಅಂದರೆ ಸಾಕು, ತಟ್ಟೆಯಲ್ಲಿ ಅನ್ನ ಆರುತ್ತಿದ್ದರೂ ಅದನ್ನೇ ನೋಡ್ತಾರೆ. ಅವರು ಮೊಟ್ಟಮೊದಲು ಕೆಲಸಕ್ಕೆ ಸೇರಿದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಹಳೇ ಟೀಮು ಮತ್ತೆ ಒಂದು ಸಲ ಸೇರಬೇಕಂತೆ. 2004ರಲ್ಲಿ ಹನ್ನೆರಡು ಜನ ಅಲ್ಲಿಗೆ ಹೋಗಿದ್ದರು. ಶರಾವತಿ ಹಿನ್ನೀರಿನಲ್ಲಿ ತೆಪ್ಪ ನಡೆಸಿ, ರಾತ್ರಿ ನಡುಗಡ್ಡೆಯಲ್ಲಿ ಟೆಂಟ್ ಹಾಕಿ ಮಲಗಿ, ಬೆಳಿಗ್ಗೆ ಸೂರ್ಯೋದಯ ನೋಡಿಕೊಂಡು ಬಂದಿದ್ದರು. ಆ ಕಥೆಯನ್ನು ನಾನು ಮದುವೆಯಾದಾಗಿನಿಂದ ಕೇಳ್ತಾನೇ ಇದೀನಿ.

ಹೋಗಲಿ ಪಾಪ, ಖುಷಿಪಡಲಿ ಅಂತ ನಾನೂ ಸುಮ್ಮನಿದ್ದೆ. ಒಂದು ದಿನ ಅಟ್ಟ ಸ್ವಚ್ಛ ಮಾಡುವಾಗ ಹಳೇ ಆಲ್ಬಮ್ ಸಿಕ್ತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು, ಒದ್ದೆ ಕೂದಲಲ್ಲಿ ಹಲ್ಲು ಕಿಸಿದು ನಿಂತ ಹನ್ನೆರಡು ಜನ. ಅದರಲ್ಲಿ ಮೂವರು ಹುಡುಗಿಯರು. "ಈಗ ಗ್ರೂಪಿನಲ್ಲಿ ಎಷ್ಟು ಜನ ಇದೀರಿ?" ಅಂತ ಕೇಳಿದೆ. "ಎಂಟು" ಅಂದರು. ಉಳಿದ ನಾಲ್ವರು?

"ಅವರಿಬ್ಬರು ಹುಡುಗೀರು ಮಗು ಆದ್ಮೇಲೆ ಕೆಲಸ ಬಿಟ್ಟರಲ್ಲ, ನಂಬರೂ ಇಲ್ಲ. ಇವನು ಊರಿಗೆ ಹೋಗಿ ತೋಟ ಮಾಡ್ಕೊಂಡಿದಾನೆ, ಅವನಿಗೆ ಸಿಗ್ನಲ್ಲೇ ಸಿಗಲ್ಲ. ಇವನು ಗ್ರೂಪಲ್ಲಿದ್ದ, ಹೋದ ವರ್ಷ ತಾನೇ ಬಿಟ್ಟು ಹೋದ."

ಯಾಕೆ ಬಿಟ್ಟ ಅಂತ ಯಾರೂ ಕೇಳಲಿಲ್ಲವಂತೆ. ಆಮೇಲೆ ಗೊತ್ತಾಯಿತು, 2023ರಲ್ಲಿ ಅವನ ಕೆಲಸ ಹೋಗಿತ್ತು. ಗ್ರೂಪಿನಲ್ಲಿ ಒಬ್ಬರು ಹೊಸ ಕಾರಿನ ಫೋಟೊ ಹಾಕಿದ ವಾರವೇ ಇವನು ಹೊರಗೆ ನಡೆದಿದ್ದ.

ದಾರಿ ಬೇರೆಯಾದದ್ದು ಹೇಗೆ?

ಆ ಹನ್ನೆರಡು ಜನರೂ ಒಂದೇ ಕಡೆಯಿಂದ ಹೊರಟವರು. ಒಂದೇ ತರಬೇತಿ, ಹೆಚ್ಚು ಕಡಿಮೆ ಒಂದೇ ಸಂಬಳ, ಮಧ್ಯಾಹ್ನ ಒಂದೇ ಕ್ಯಾಂಟೀನಿನ ಊಟ. ಇಪ್ಪತ್ತು ವರ್ಷದಲ್ಲಿ ಏನೇನಾಯ್ತು ನೋಡಿ. 2008ರ ಆರ್ಥಿಕ ಹಿಂಜರಿತ ಬಂತು. ಆಗ ಅಮೆರಿಕದಲ್ಲಿದ್ದ ಕೆಲವರು ಅಲ್ಲೇ ನೆಲೆ ನಿಂತರು, ಕೆಲವರು ಪೆಟ್ಟಿಗೆ ಕಟ್ಟಿಕೊಂಡು ವಾಪಸ್ ಬಂದರು. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿದರು. ಮಲೆನಾಡಿನ ಎಷ್ಟೋ ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರು ಸೇರಿದರು, ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ಕೆಲವರು ಅಪ್ಪನ ತೋಟ ನೋಡಿಕೊಂಡು ಅಲ್ಲೇ ಉಳಿದರು. 2022-23ರಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸಿದವು. ಈಗ ಎಐ ಬಂದು, ಇವರು ವರ್ಷಗಟ್ಟಲೆ ಕಲಿತದ್ದನ್ನು ಯಂತ್ರವೇ ಬರೆದುಕೊಡುತ್ತೆ ಅಂತ ನಲವತ್ತೈದರ ಹೊಸ್ತಿಲಲ್ಲಿ ನಿಂತವರಿಗೆ ಒಳಗೊಳಗೇ ಭಯ.

ಇನ್ನು ಹುಡುಗಿಯರ ಕಥೆ. ಇವರ ಟೀಮಿನವರೆಲ್ಲ ತಾಯಂದಿರಾಗುವ ಕಾಲಕ್ಕೆ ಹೆರಿಗೆ ರಜೆ ಅಂತ ಕಾನೂನು ಕೊಡುತ್ತಿದ್ದದ್ದು ಬರೀ 12 ವಾರ. ಅದು 1961ರ ಕಾಯ್ದೆ. 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಹೆರಿಗೆಗೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು ಅಂತಲೂ ಆಯಿತು. ಆದರೆ 2008-09ರಲ್ಲಿ ಹೆತ್ತವರಿಗೆ ಅದು ಸಿಗಲಿಲ್ಲ. ಮೂರು ತಿಂಗಳ ಕೂಸನ್ನು ಬಿಟ್ಟು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಕೂತು, ರಾತ್ರಿ ಅಮೆರಿಕದವರ ಜೊತೆ ಫೋನಿನಲ್ಲಿ ಮಾತಾಡಿ ಬದುಕಿ ಅಂದರೆ ಎಷ್ಟು ಜನಕ್ಕೆ ಆಗುತ್ತೆ? ಅತ್ತೆಯೋ ಅಮ್ಮನೋ ಜೊತೆಗಿದ್ದವರು ಉಳಿದರು. ಇಲ್ಲದವರು 'ಒಂದು ವರ್ಷ ಬಿಡ್ತೀನಿ' ಅಂತ ಬಿಟ್ಟರು. ಆ ಒಂದು ವರ್ಷ ಹದಿನೈದಾಯಿತು. ಟೀಮಿನ ಮೂರನೆಯವಳು ಈಗ ಡೈರೆಕ್ಟರ್. ಅವಳ ಮನೆಯಲ್ಲಿ ಹತ್ತು ವರ್ಷ ಅವಳ ಅಮ್ಮ ಇದ್ದರು. ಬುದ್ಧಿಯಲ್ಲಿ ಮೂವರೂ ಒಂದೇ ಅಂತ ಯಜಮಾನರೇ ಹೇಳ್ತಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಇಂಥ ಕೂಟಕ್ಕೆ ಬಾರದೇ ಉಳಿಯುವವರು ಸ್ನೇಹ ಮರೆತವರಲ್ಲ. ಎಲ್ಲರೆದುರು ತಮ್ಮ ಇಪ್ಪತ್ತು ವರ್ಷದ ಲೆಕ್ಕ ಒಪ್ಪಿಸಬೇಕಲ್ಲ ಅಂತ ಹಿಂಜರಿಯುವವರು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಕೂಟವನ್ನು ಸುಲಭವಾಗಿ ಬರಬಲ್ಲವರ ಅನುಕೂಲ ನೋಡಿ ಮಾಡಬೇಡಿ. ಬರೋಕೆ ಕಷ್ಟ ಇರುವವರನ್ನು ನೋಡಿ ಮಾಡಿ. ಉಳಿದವರು ಹೇಗೂ ಬರ್ತಾರೆ.

ತಾರೀಖು ಯಾರದ್ದು?

ಗ್ರೂಪಿನಲ್ಲಿ ಮೊದಲು ನಿಗದಿಯಾದದ್ದು ಡಿಸೆಂಬರ್ ಕೊನೆಯ ವಾರ. ಕಾರಣ, ಅಮೆರಿಕದ ಮೂವರಿಗೆ ಆಗ ರಜೆ. ಎಂಟರಲ್ಲಿ ಮೂವರು! ಆದರೆ ಆ ಹೊತ್ತಿಗೆ ಮಲೆನಾಡಿನಲ್ಲಿ ಅಡಿಕೆ ಕೊಯ್ಲು. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ತೋಟದವನು ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಹೊಸನಗರದ ಆ ಸ್ನೇಹಿತನ ಮನೆಯಿಂದ ಹೊನ್ನೆಮರಡು ಕೂಗಳತೆಯಲ್ಲಿದೆ ಅನ್ನಬಹುದು. ಕ್ಯಾಲಿಫೋರ್ನಿಯಾದವರು ಬಂದು, ಪಕ್ಕದ ತಾಲ್ಲೂಕಿನವನು ಬಾರದಿದ್ದರೆ ಅದೆಂಥ ಸೇರುವಿಕೆ?

ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಆ ಭಾಗದಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು. ಉಣುಗು ಕಚ್ಚಿದರೆ ಬರುತ್ತೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಜನ ತೀರಿಕೊಂಡರು. ಮಕ್ಕಳನ್ನು ಕರಕೊಂಡು ಕಾಡಂಚಿನಲ್ಲಿ ಟೆಂಟ್ ಹಾಕುವವರು ಇದನ್ನು ತಿಳಿದಿರಲೇಬೇಕು.

ಹಾಗಾದರೆ ಯಾವಾಗ? "ದಸರಾ ರಜೆಯಲ್ಲಿ ಮಾಡಿ" ಅಂದೆ. ಮಳೆ ಇಳಿದಿರುತ್ತೆ, ಹಿನ್ನೀರು ತುಂಬಿರುತ್ತೆ, ಕೊಯ್ಲು ಇನ್ನೂ ಜೋರಾಗಿರಲ್ಲ, ಮಕ್ಕಳಿಗೆ ಶಾಲೆ ಇರಲ್ಲ. ಅಮೆರಿಕದವರು ರಜೆ ಹಾಕಿಕೊಂಡು ಬರಲಿ, ಅವರಿಗೆ ಅದು ಸಾಧ್ಯ. ಒಂದು ವಾರ ಗ್ರೂಪಿನಲ್ಲಿ ಗೊಣಗಾಟ ನಡೆಯಿತು. ಕೊನೆಗೆ ಒಪ್ಪಿದರು.

'ನಾನೇ ಕೊಡ್ತೀನಿ' ಅನ್ನೋರು

ಒಬ್ಬರು ದೊಡ್ಡ ಮನಸ್ಸು ಮಾಡಿ, "ಹೊನ್ನೆಮರಡು ಯಾಕೆ, ಥಾಯ್ಲೆಂಡಿಗೆ ಹೋಗೋಣ, ಖರ್ಚೆಲ್ಲ ನನ್ನದೇ" ಅಂದರಂತೆ. ಒಳ್ಳೆ ಮನಸ್ಸೇ ಇರಬಹುದು. ಆದರೆ ಕೆಲಸ ಕಳೆದುಕೊಂಡವನಿಗೆ ಆ ಮಾತು ಹೇಗೆ ಕೇಳಿಸುತ್ತೆ ಯೋಚಿಸಿ. ನಾವೇ ತವರಿನಲ್ಲಿ ಅಕ್ಕತಂಗಿಯರು ಸೇರಿದಾಗ, ಅನುಕೂಲಸ್ಥ ಅಕ್ಕ 'ನಿನ್ನ ಸೀರೆ ದುಡ್ಡೂ ನಾನೇ ಕೊಡ್ತೀನಿ ಬಿಡೇ' ಅಂದರೆ ನಮಗೆ ಗಂಟಲು ಕಟ್ಟಲ್ವಾ? ಹಾಗೇ ಇದೂ.

ಖರ್ಚು ಎಲ್ಲರೂ ಸಮ ಹಂಚಿಕೊಳ್ಳಬೇಕು, ಮತ್ತು ಆ ಮೊತ್ತ ಕಡಿಮೆ ಇರುವವನಿಗೂ ಭಾರವಾಗದಂತೆ ಇರಬೇಕು. ಅದಕ್ಕೇ ನನಗೆ ಹೊನ್ನೆಮರಡೇ ಸರಿ ಅನ್ನಿಸಿದ್ದು. ರಾತ್ರಿ ತಾಳಗುಪ್ಪ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದರೆ, ಅಲ್ಲಿಂದ ಸುಮಾರು 25 ಕಿ.ಮೀ. ಪಂಚತಾರಾ ಹೋಟೆಲಿನ ಠೀವಿ ಇಲ್ಲ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಡೈರೆಕ್ಟರ್ ಯಾರು, ತೋಟದವನು ಯಾರು? ತೆಪ್ಪದಲ್ಲಿ ಒಬ್ಬರೇ ಒಂದು ಕಡೆ ಜೋರಾಗಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಗಿರಗಿರ ತಿರುಗುತ್ತಂತೆ, ಮುಂದೆ ಹೋಗೋದೇ ಇಲ್ಲವಂತೆ. ಇದನ್ನು ಯಜಮಾನರೇ ನಗುತ್ತಾ ಹೇಳಿದ್ದು.

ಊರೇ ಇಲ್ಲದವರು

ಆ ನೀರನ್ನು ನೋಡುವಾಗ ಒಂದು ವಿಷಯ ನೆನಪಿರಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಅದೇ ನೀರಿನಡಿ ಸೇರಿತು, ಬೇಸಿಗೆಯಲ್ಲಿ ನೀರು ಬಹಳ ಇಳಿದಾಗ ಈಗಲೂ ಕಾಣಿಸುತ್ತೆ. ಒಂದೇ ಕೇರಿಯಲ್ಲಿ ಆಡಿ ಬೆಳೆದವರು ದಿಕ್ಕಿಗೊಬ್ಬರಾದರು. ಸಾಗರದ ನಾ. ಡಿಸೋಜ ಅವರು ಈ ನೋವನ್ನೇ 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಬರೆದರು. 2002ರಲ್ಲಿ ಬಂದ ಗಿರೀಶ ಕಾಸರವಳ್ಳಿಯವರ 'ದ್ವೀಪ' ಸಿನಿಮಾದಲ್ಲಿ ಸೌಂದರ್ಯ ಮಾಡಿದ ಪಾತ್ರ ನಿಮಗೆ ನೆನಪಿರಬಹುದು. ಅವರಿಗೆಲ್ಲ ಮತ್ತೆ ಸೇರೋಣ ಅಂದರೆ ಸೇರಲು ಊರೇ ಇರಲಿಲ್ಲ. ನಮಗೆ ಜಾಗ ಇದೆ, ರೈಲಿದೆ, ಕೈಯಲ್ಲಿ ಫೋನಿದೆ. ಆದರೂ ಒಬ್ಬರಿಗೊಬ್ಬರು ಸಿಗದೇ ಹೋದರೆ ಯಾರನ್ನು ದೂರುವುದು?

ನಾನೇ ಫೋನ್ ಮಾಡಿದೆ

ಹಾಗಂದುಕೊಂಡೇ ನಾನೂ ಕೈಹಾಕಿದೆ. ಕೆಲಸ ಬಿಟ್ಟ ಇಬ್ಬರು ಹುಡುಗಿಯರ ನಂಬರು ಹುಡುಕುವುದು ಕಷ್ಟವಾಗಲಿಲ್ಲ. ಮೈಸೂರಿನಲ್ಲಿದ್ದ ಒಬ್ಬಳ ತವರಿನ ನಂಬರು ನಮ್ಮ ಮದುವೆಯ ಉಡುಗೊರೆ ಪಟ್ಟಿಯಲ್ಲೇ ಇತ್ತು! ಅವಳಿಂದ ಇನ್ನೊಬ್ಬಳದು ಸಿಕ್ತು.

ಮೊದಲನೆಯವಳು ಖುಷಿಯಿಂದ ಹೂಂ ಅಂದಳು, ಮಗಳನ್ನೂ ಕರಕೊಂಡು ಬರ್ತಾಳೆ. ಎರಡನೆಯವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಎಲ್ಲರೂ ಈಗೇನ್ ಮಾಡ್ತಿದೀಯ ಅಂತ ಕೇಳ್ತಾರೆ. ನಾನೇನು ಹೇಳ್ಲಿ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಇಬ್ಬರು ಮಕ್ಕಳನ್ನು ಬೆಳೆಸಿದಾಳೆ, ಪಾರ್ಶ್ವವಾಯು ಹೊಡೆದ ಮಾವನನ್ನು ಆರು ವರ್ಷ ನೋಡಿಕೊಂಡಿದಾಳೆ. ಅದು ಕೆಲಸ ಅಲ್ಲ ಅಂತ ಅವಳಿಗೆ ಅನ್ನಿಸಿದ್ದು ಹೇಗೆ? ನಾವು ಹೆಂಗಸರೇ 'ನಾನೇನೂ ಮಾಡಲ್ಲ, ಮನೇಲೇ ಇರೋದು' ಅಂತ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡಿದೀವಿ ಅಲ್ವಾ?

ಹೊರಡುವ ಮುಂಚೆ ಇಷ್ಟು ಮಾಡಿ

ನಿಮ್ಮ ಮನೆಯಲ್ಲೂ ಹಳೇ ಗೆಳೆಯರ ಕೂಟದ ಮಾತು ಎದ್ದಿರಬಹುದು. ಅದು ಯಜಮಾನರದ್ದಿರಲಿ, ನಿಮ್ಮದೇ ಇರಲಿ, ಈ ಕೆಲವು ವಿಷಯ ಗಮನಿಸಿ.

* ಹಳೇ ಫೋಟೊ ತೆಗೆದು ತಲೆ ಎಣಿಸಿ. ಗ್ರೂಪಿನಲ್ಲಿ ಇಲ್ಲದವರ ಹೆಸರನ್ನೇ ಮೊದಲು ಬರೆಯಿರಿ.
* ಅವರಿಗೆ ಮೆಸೇಜು ಕಳಿಸಬೇಡಿ, ಫೋನ್ ಮಾಡಿ. ಗ್ರೂಪಿಗೆ ಸೇರಿಸುವ ಮುಂಚೆ ಒಂದು ಮಾತು ಕೇಳಿ.
* ತಾರೀಖು ಗೊತ್ತು ಮಾಡುವಾಗ ಹೆಚ್ಚು ಕಷ್ಟ ಯಾರಿಗೋ ಅವರ ಅನುಕೂಲ ಮೊದಲು ಕೇಳಿ.
* ಸಿಕ್ಕ ಕೂಡಲೇ 'ಈಗ ಎಲ್ಲಿದೀಯಾ, ಎಷ್ಟು ಪ್ಯಾಕೇಜು' ಬೇಡ. 'ಅಮ್ಮ ಹೇಗಿದಾರೆ, ಊಟ ಆಯ್ತಾ' ಅಂತ ಶುರು ಮಾಡಿದರೂ ಮಾತು ಬೆಳೆಯುತ್ತೆ.
* ಸಂಸಾರ ಸಮೇತ ಹೋಗುವುದಾದರೆ ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು ಬರೀ ಹೆಂಡತಿಯರ ತಲೆಗೆ ಬಾರದಂತೆ ಮೊದಲೇ ಹಂಚಿಕೊಳ್ಳಿ. ಇಲ್ಲವಾದರೆ ನಮಗೆ ಮನೆಗೂ ಹೊನ್ನೆಮರಡಿಗೂ ಏನು ವ್ಯತ್ಯಾಸ?
* ಹೊನ್ನೆಮರಡಿಗೇ ಹೋಗುವವರು ವಸತಿ ಮತ್ತು ದೋಣಿವಿಹಾರಕ್ಕೆ ಅನುಮತಿ ಇದೆಯೇ ಅಂತ ಮೊದಲೇ ವಿಚಾರಿಸಿ. ಶರಾವತಿ ಕಣಿವೆಯ ಬಹುಭಾಗ 2019ರಿಂದ ಸಿಂಗಳೀಕ ಅಭಯಾರಣ್ಯ. ಈಜು ಬಂದರೂ ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಇಳಿಯಬೇಡಿ.
* ಸಿಗಂದೂರಿಗೆ ಹೋಗಿ ಬರುವ ಆಸೆ ಇದ್ದರೆ ಈಗ ಲಾಂಚಿಗೆ ಕಾಯಬೇಕಿಲ್ಲ. 2025ರ ಜುಲೈನಲ್ಲಿ ಸೇತುವೆ ತೆರೆದಿದೆ.

ನಮ್ಮವರ ಪಟ್ಟಿ ಸದ್ಯ ಹತ್ತಕ್ಕೆ ಬಂದಿದೆ. ತೋಟದವನು ತಾರೀಖು ಕೇಳಿದ ತಕ್ಷಣ ಒಪ್ಪಿ, "ಕಳಲೆ ಉಪ್ಪಿನಕಾಯಿ ನಂದು" ಅಂದನಂತೆ. ಕೆಲಸ ಹೋದ ಗೆಳೆಯನಿಗೆ ಯಜಮಾನರೇ ಫೋನ್ ಮಾಡಿದರು. ಮುಕ್ಕಾಲು ಗಂಟೆ ಮಾತಾಡಿದರು. ಬರ್ತೀನಿ ಅಂತ ಅವನು ಹೇಳಲಿಲ್ಲ. ಆದರೆ ಮಾರನೇ ದಿನ ಅವನೇ ತಿರುಗಿ ಫೋನ್ ಮಾಡಿ, "ಆ ಫೋಟೊ ಇದ್ರೆ ಕಳಿಸೋ" ಅಂದ. ಕಳಿಸಿದೀವಿ.

ಎರಡನೆಯವಳಿಗೆ ನಾನು ಮತ್ತೆ ಫೋನ್ ಮಾಡಬೇಕು. "ಯಾರಾದರೂ ಏನು ಮಾಡ್ತಿದೀಯ ಅಂದರೆ, ಮಾವನನ್ನು ಆರು ವರ್ಷ ನೋಡ್ಕೊಂಡೆ ಅಂತ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂತ ಹೇಳೋಣ ಅಂದುಕೊಂಡಿದೀನಿ. ನಿಮ್ಮ ಆಲ್ಬಮ್ಮಿನಲ್ಲೂ ಅಂಥ ಒಬ್ಬಳು ಇದ್ದೇ ಇರ್ತಾಳೆ. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿದ ಮೇಲೆ ಒಂದು ಫೋನ್ ಮಾಡಿ ನೋಡಿ. ಏನಂತೀರಿ?