ಸೂರ್ಯತೀರದಲ್ಲಿ ಬಿಡಾರ

ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ, ಮಾಲಗಾ ನಗರದ ಎರಡೂ ಬದಿಗೆ ಹಬ್ಬಿರುವ ‘ಕೋಸ್ಟಾ ಡೆಲ್ ಸೋಲ್’ ಎಂಬ ಹೆಸರಿಗೆ ಸೂರ್ಯತೀರವೆಂದೇ ಅರ್ಥ. ಅಲ್ಲಿ ನೆಲಸಲು ಹೊರಟಿರುವ ವಾಚಕರು ಕಂಬಳಿಯನ್ನು ಮೊದಲು ಕಟ್ಟಿಕೊಳ್ಳಲಿ! ಅಲ್ಲಿಯ ಮನೆಗಳನ್ನು ಕಟ್ಟಿರುವುದು ಬೇಸಗೆಯ ಧಗೆಯನ್ನು ತಡೆಯಲೆಂದು. ನೆಲಕ್ಕೆ ಅಮೃತಶಿಲೆ ಅಥವಾ ಬಿಲ್ಲೆಗಳು. ಹಳೆಯ ಮನೆಗಳಲ್ಲಿ ಒಳಗನ್ನೆಲ್ಲ ಬೆಚ್ಚಗಿಡುವ ಏರ್ಪಾಡು ಅಪರೂಪ. ಜನವರಿಯ ರಾತ್ರಿ ಉಷ್ಣಮಾನ 7–8 ಡಿಗ್ರಿಗೆ ಇಳಿಯುವುದು. ಮರುದಿನ ಬೀದಿಯಲ್ಲಿ ಬಿಸಿಲು ಬಿದ್ದರೂ ಕೋಣೆಯೊಳಗೆ ಚಳಿ ಕೊರೆಯುತ್ತಲೇ ಇರುವುದು. ಜುಲೈ ತಿಂಗಳ ಪ್ರವಾಸದಲ್ಲಿ ಮೆಚ್ಚಿದ ಮನೆಗೆ ಮುಂಗಡ ಕೊಡುವ ಮುನ್ನ, ಒಂದು ಚಳಿಗಾಲವನ್ನು ಬಾಡಿಗೆಯ ಮನೆಯಲ್ಲಿ ಕಳೆಯುವುದು ಲೇಸು.

ಮನೆ ಕೊಂಡರೆ ವಾಸದ ಹಕ್ಕೂ ಬರುವುದೆಂದು ದಲ್ಲಾಳಿ ಹೇಳಿದರೆ ಖಂಡಿತ ನಂಬಬಾರದು. 5 ಲಕ್ಷ ಯೂರೋ ತೊಡಗಿಸಿದವರಿಗಿದ್ದ ಆ ಸೌಲಭ್ಯ 2025ರ ಏಪ್ರಿಲ್‌ನಲ್ಲಿ ರದ್ದಾಯಿತು. ದೀರ್ಘವಾಸದ ವೀಸಾವನ್ನು ಭಾರತದಲ್ಲಿಯೇ ಪಡೆದು ಹೊರಡುವುದು ಕ್ಷೇಮ. ಅಲ್ಲಿಗೆ ಹೋದ ಒಂದು ತಿಂಗಳೊಳಗೆ ವಾಸದ ಗುರುತುಚೀಟಿಗೆ ಅರ್ಜಿ ಹಾಕತಕ್ಕದ್ದು. ‘ಎನ್.ಐ.ಇ.’ ಎಂಬ ವಿದೇಶೀಯರ ಸಂಖ್ಯೆಯಿಲ್ಲದೆ ಕ್ರಯಪತ್ರವಾಗದು. ಬಾಡಿಗೆ ಕರಾರು ಕೈಸೇರಿದೊಡನೆ ಪುರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಯಿಸಬೇಕು. ‘ಪದ್ರೋನ್’ ಎಂಬ ಆ ಪಟ್ಟಿಯ ನಕಲನ್ನು ಮಕ್ಕಳನ್ನು ಶಾಲೆಗೆ ಸೇರಿಸುವಾಗಲೂ ಕೇಳುವರು. ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚು ನಿಂತವರು, ಬೆಂಗಳೂರಿನ ಮನೆಯಿಂದ ಬರುವ ಬಾಡಿಗೆಯನ್ನೂ ಅಲ್ಲಿಯ ತೆರಿಗೆಯ ಲೆಕ್ಕದಲ್ಲಿ ತೋರಿಸಬೇಕಾಗುವುದು.

ಸಣ್ಣ ಅಂಗಡಿಗಳು ಮಧ್ಯಾಹ್ನ 2ರಿಂದ 5ರವರೆಗೆ ಬಹುಮಟ್ಟಿಗೆ ಮುಚ್ಚಿರುವುವು. ಗೃಹಿಣಿಯರು ತರಕಾರಿಯನ್ನು ಬೆಳಿಗ್ಗೆಯೇ ತರಿಸಿಟ್ಟುಕೊಳ್ಳಲಿ.