ಕಿರೀಟ ಕಲಿಸುವ ಪಾಠ



ಕಳೆದ ತಿಂಗಳು ವಿಜಯಪುರದಲ್ಲಿ ನನ್ನ ಮೊಮ್ಮಗಳ ಐದನೆಯ ಹುಟ್ಟುಹಬ್ಬ. ರಾಜಕುಮಾರಿಯ ಫ್ರಾಕು, ಮಿಂಚುವ ಕಿರೀಟ ಕೊಡಿಸಿದವಳು ನಾನೇ. ಮಗು ಓಡಹೋದಾಗಲೆಲ್ಲ "ಕೂಡ್ರು, ಅಂಗಿ ಹೊಲಸಾಗ್ತದ" ಎಂದು ಗದರಿದೆವು. ಅವಳ ಅಣ್ಣ ಮಾತ್ರ ಅಂಗಳ ತುಂಬ ಕುಣಿದ. ಬಂಧುವೊಬ್ಬರು, "ಈ ರಾಜಕುಮಾರಿಗೆ ರಾಜಕುಮಾರನ್ನ ತರಾಕ ಎಷ್ಟು ತೊಲಿ ಬಂಗಾರ ಬೇಕೋ!" ಎಂದರು. ಎಲ್ಲರೂ ನಕ್ಕರು. ಕಾಲೇಜಿನಲ್ಲಿ 30 ವರ್ಷ ಪಾಠ ಹೇಳಿದ ನಾನೂ ನಕ್ಕೆ.

ಆ ನಗೆಗೆ ಈಗ ನಾಚುತ್ತೇನೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧವೆಂದು 1961ರಲ್ಲೇ ಕಾನೂನು ಬಂತು. ಐದು ವರ್ಷದ ಮಗುವಿಗೇ ನಾವು ಬೆಲೆ ಕಟ್ಟಿದರೆ ಕಾನೂನು ಏನು ಮಾಡೀತು? ಚಂದ ಕಾಣು, ಮೆಲ್ಲಗೆ ಕೂಡ್ರು, ಯಾರೋ ಬಂದು ಕರೆದೊಯ್ಯುವವರೆಗೆ ಕಾಯಿ: ಇದೇ ಆ ಕಿರೀಟದ ಪಾಠ. ಹೀಗೆ ಕಲಿತವಳು ನಾಳೆ ಗಂಡನ ಏಟಿಗೆ ಎದುರು ನಿಲ್ಲುವುದಾದರೂ ಹೇಗೆ?

ರಾಜಕುಮಾರಿಯೇ ಬೇಕೆಂದರೆ ನಮ್ಮೂರಲ್ಲೇ ಒಬ್ಬಳಿದ್ದಳು. ಅಹ್ಮದನಗರದ ಮಗಳು, ವಿಜಯಪುರದ ಸೊಸೆ ಚಾಂದಬೀಬಿ. 1580ರಲ್ಲಿ ಗಂಡ ತೀರಿದ ಮೇಲೆ ಬಾಲಕ ಸುಲ್ತಾನನ ಪರವಾಗಿ ರಾಜ್ಯ ನೋಡಿಕೊಂಡಳು. 1595-96ರಲ್ಲಿ ಮೊಘಲ ಸೇನೆ ಮುತ್ತಿದಾಗ ತವರಿನ ಕೋಟೆ ಕಾದಳು. ಅವಳು ಯಾರಿಗೂ ಕಾದು ಕೂಡಲಿಲ್ಲ.

ತಿಕೋಟಾ, ಬಬಲೇಶ್ವರದ ಅಕ್ಕಂದಿರೇ, ದ್ರಾಕ್ಷಿ ತೋಟದಲ್ಲಿ ದುಡಿದು ಉಳಿತಾಯ ಕಟ್ಟುವವರು ನೀವು. ಸಂಘದ ಸಾಲ ತೆಗೆದು ಕಿರೀಟ ಕೊಳ್ಳಬೇಡಿ. ಹುಟ್ಟುಹಬ್ಬಕ್ಕೆ ಮನೆಯ ಹೋಳಿಗೆ ಸಾಕು. ಉಳಿದ ಹಣ ಮಗಳ ಹೆಸರಿನ ಪಾಸ್‌ಬುಕ್ಕಿಗೆ ಹೋಗಲಿ. ಅದು ಅವಳ ಓದಿಗೆ, ಮದುವೆಗಲ್ಲ.

ಮೊಮ್ಮಗಳಿಗೆ ಇನ್ನು ಸೈಕಲ್ ಕೊಡಿಸುತ್ತೇನೆ. ಬೀಳಲಿ, ಏಳುವುದನ್ನು ಕಲಿಯಲಿ.