ಬಸರೂರಿನಲ್ಲೂ ಇಳಿಯೋಣ

ಕಾಚಿಗುಡದಿಂದ ಮುರುಡೇಶ್ವರಕ್ಕೆ ಹೋಗುವ ರೈಲು ಕುಂದಾಪುರದಲ್ಲಿ ನಿಲ್ಲುತ್ತದೆ. ರಜೆಯಲ್ಲಿ ಅಲ್ಲಿ ಇಳಿಯುವ ಹೈದರಾಬಾದಿನ ಕನ್ನಡಿಗರಾದ ನಾವು ಕೊಲ್ಲೂರಿಗೋ ಮರವಂತೆಯ ಕಡಲತೀರಕ್ಕೋ ಹೊರಟುಬಿಡುತ್ತೇವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ವಾರಾಹಿಯ ದಂಡೆಯಲ್ಲಿರುವ ಬಸರೂರು ನಮ್ಮ ಪ್ರವಾಸದ ಪಟ್ಟಿಯಲ್ಲಿ ಇರುವುದೇ ಇಲ್ಲ. ಇರಬೇಕೆಂಬುದು ನಮ್ಮ ಅಭಿಪ್ರಾಯ.

ಮೂಡಣದಲ್ಲಿ ಹುಲ್ಲುಗಾವಲು ಹೊದ್ದ ಕೊಡಚಾದ್ರಿಯ ಸಾಲು, ಪಡುವಣದಲ್ಲಿ ಅರಬ್ಬೀ ಸಮುದ್ರ. ಈ ಎರಡರ ನಡುವೆ ಘಟ್ಟದ ಮೆಣಸೂ ಗದ್ದೆಯ ಅಕ್ಕಿಯೂ ಹಡಗು ಸೇರುತ್ತಿದ್ದ ಪೇಟೆ ಬಸರೂರು. ಪೋರ್ಚುಗೀಸರ ನಾಲಗೆಯಲ್ಲಿ ಅದು ಬಾರ್ಸೆಲೋರ್. ಗೋವೆಯ ಅನ್ನಕ್ಕೆ ಇಲ್ಲಿಯ ಅಕ್ಕಿ ಬೇಕಿತ್ತು. 1569ರಲ್ಲಿ ಅವರು ಇಲ್ಲಿ ಕಾಲೂರಿ ಕೋಟೆ ಕಟ್ಟಿದರು. ಊರು ಕೆಳದಿಯ ನಾಯಕರ ಆಳ್ವಿಕೆಯಲ್ಲಿದ್ದಾಗ, 1665ರಲ್ಲಿ, ಶಿವಾಜಿ ಸಮುದ್ರಮಾರ್ಗವಾಗಿ ಬಂದು ಇದನ್ನು ಸೂರೆ ಮಾಡಿದ. ಸೂರೆಗೆ ಸಿಗುವಷ್ಟು ಸಂಪತ್ತು ಇಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂದು ಅಲ್ಲಿ ನೋಡಲು ಏನಿದೆ ಎಂದು ಕೇಳುವವರುಂಟು. ಹಳೆಯ ದೇಗುಲಗಳಿವೆ, ಶಾಸನಗಳಿವೆ, ನಿಧಾನವಾಗಿ ಹರಿಯುವ ಹೊಳೆಯಿದೆ. ಹಂಪಿಯ ಬೆರಗು ಇಲ್ಲಿಲ್ಲ, ನಿಜ. ಆದರೆ ಹೈದರಾಬಾದಿನವರು ನಿಂತು ಯೋಚಿಸಬೇಕಾದ ಒಂದು ಪದ ಇಲ್ಲಿಯ ಶಾಸನಗಳಲ್ಲಿದೆ: ಹಂಜಮಾನ. ಸೆಟ್ಟಿಕಾರರಂತೆ ಇವರದೂ ಒಂದು ವರ್ತಕರ ಸಂಘ, ಕಡಲಾಚೆಯಿಂದ ಬಂದವರದು. ವಿದ್ವಾಂಸರು ಈ ಪದದ ಮೂಲವನ್ನು ಫಾರಸಿಯ ಅಂಜುಮನ್‌ನಲ್ಲಿ ಗುರುತಿಸುತ್ತಾರೆ. ನಮ್ಮ ನಗರದ ಉರ್ದುವಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಅದೇ ಅಂಜುಮನ್, ಕುತುಬ್‌ಶಾಹಿಗಳು ಹೈದರಾಬಾದನ್ನು ಕಟ್ಟುವ ಮೊದಲೇ ಕರಾವಳಿಯ ಕನ್ನಡದಲ್ಲಿ ಬೇರೂರಿತ್ತು!

ಇದರಿಂದ ನಾವು ಸಮಾಧಾನವನ್ನೂ ಎಚ್ಚರಿಕೆಯನ್ನೂ ಪಡೆಯಬಹುದು. ನಮ್ಮ ಮಕ್ಕಳ ಕನ್ನಡದಲ್ಲಿ ತೆಲುಗು, ಉರ್ದು, ಇಂಗ್ಲಿಷು ಬೆರೆತಿದೆಯೆಂದು ಹಳಹಳಿಸುತ್ತೇವೆ. ಬೆರೆಯುವುದು ಭಾಷೆಗೆ ಹೊಸತಲ್ಲ. ಪೇಟೆಯಲ್ಲಿ ಬಾಳಿದ ಯಾವ ಭಾಷೆಯೂ ಮಡಿಯುಟ್ಟು ಕೂತಿಲ್ಲ. ಆದರೆ ಬಸರೂರಿನಲ್ಲಿ ಹೊರಗಿನ ಪದವೇ ಕನ್ನಡದ ಉಚ್ಚಾರಕ್ಕೆ ಒಗ್ಗಿತು, ಕನ್ನಡದ ವಿಭಕ್ತಿ ತೊಟ್ಟು ಶಾಸನ ಸೇರಿತು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಅದಲ್ಲ. ಒಂದು ಪದ ಒಳಗೆ ಬಂದಾಗ ಕನ್ನಡದ ಹತ್ತು ಪದಗಳು ಹೊರಗೆ ಹೋಗುತ್ತಿವೆ. ಕೊನೆಗೆ ವಾಕ್ಯವೇ ಬೇರೆಯವರದಾಗುತ್ತದೆ. ಆತಿಥೇಯನೇ ಮನೆಬಿಟ್ಟ ಮೇಲೆ ಅತಿಥಿಸತ್ಕಾರದ ಮಾತೆಲ್ಲಿ?

ಆದುದರಿಂದ ಮುಂದಿನ ರಜೆಯಲ್ಲಿ ಅರ್ಧ ದಿನವನ್ನು ಬಸರೂರಿಗೆ ಮೀಸಲಿಡೋಣ. ಮಕ್ಕಳನ್ನು ಕರೆದೊಯ್ದು ಹಂಜಮಾನದ ಕಥೆಯನ್ನು ಹೇಳೋಣ. ಹೇಳುವಾಗ, ದಯವಿಟ್ಟು, ಕನ್ನಡದಲ್ಲೇ ಹೇಳೋಣ.